‘ನಿನ್ನೆ ಎಲ್ಲಿಗೆ ಹೋಗಿದ್ರಿ?’: ನಗೆಪಾಟಲಾಗುವ ಅಂಜಿಕೆ ಬಿಟ್ಟು ಯೇಸುವಿನ ಮಾತಾಡುವುದು ಹೇಗೆ

ಸೋಮವಾರ ಮಧ್ಯಾಹ್ನ ಡಬ್ಬಾ ಬಿಚ್ಚುವ ಹೊತ್ತಿಗೆ ಪಕ್ಕದವರು ಕೇಳುತ್ತಾರೆ: “ನಿನ್ನೆ ಫೋನೇ ಎತ್ತಲಿಲ್ಲ, ಎಲ್ಲಿಗೆ ಹೋಗಿದ್ರಿ?” ಹೋಗಿದ್ದು ಆರಾಧನೆಗೆ. ಬಾಯಿಗೆ ಬರುವುದು ಮಾತ್ರ “ಸುಮ್ನೆ, ಒಂದು ಫಂಕ್ಷನ್ ಇತ್ತು.” ಮುಂಬೈಯ ಅಂಧೇರಿಯ ಆಫೀಸಿರಲಿ, ಪುಣೆಯ ಹಿಂಜವಡಿಯ ಕಂಪನಿಯಿರಲಿ, ಗೋವಾದ ವಾಸ್ಕೊದ ಸೈಟಿರಲಿ, ನಮ್ಮ ಕನ್ನಡ ಕ್ರೈಸ್ತರು ಮೊದಲು ಎಡವುವುದು ಈ ಒಂದೇ ಸಾಲಿನಲ್ಲಿ. ಬೀದಿಯಲ್ಲಿ ನಿಂತು ಸುವಾರ್ತೆ ಹೇಳುವ ಧೈರ್ಯ ಆಮೇಲಿನ ಮಾತು, ಬಹಳ ಮಂದಿಗೆ ಅದು ಬೇಕಾಗಿಯೂ ಇಲ್ಲ. ಕಲಿಯಬೇಕಾದ್ದು ಈ ಸಾಲನ್ನು ನೆಟ್ಟಗೆ ಹೇಳುವುದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಏರುವುದು.

ಎರಡು ಬಗೆಯ ಹುಚ್ಚು

ಶಿಲುಬೆಯ ಮಾತು ಕೆಲವರಿಗೆ ಹುಚ್ಚುಮಾತಾಗಿ ಕೇಳಿಸುತ್ತದೆ ಎಂದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 1ನೇ ಅಧ್ಯಾಯದಲ್ಲೇ ಒಪ್ಪಿಕೊಂಡಿದ್ದಾನೆ. ದೇವರು ಅಪರಾಧಿಯ ಹಾಗೆ ಮರಕ್ಕೆ ತೂಗಿದ, ಮೂರನೇ ದಿನ ಎದ್ದ ಎಂಬ ಸುದ್ದಿ ಯಾರ ಕಿವಿಗಾದರೂ ವಿಚಿತ್ರವೇ. ಅದರ ವಿಚಿತ್ರವನ್ನು ತೆಗೆದರೆ ಸುದ್ದಿಯೇ ಉಳಿಯುವುದಿಲ್ಲ. ಇದು ಮೊದಲನೇ ಬಗೆ.

ಎರಡನೆಯದು ನಾವು ಮೇಲಿಂದ ಸೇರಿಸುವ ಹುಚ್ಚು: ಸಭೆಯಲ್ಲಿ ಮಾತ್ರ ನಡೆಯುವ ಶಬ್ದಗಳು, ಬಾಯಿಪಾಠದ ಭಾಷಣ, ಹೊತ್ತುಗೊತ್ತಿಲ್ಲದ ಉಪದೇಶ, ಮೊಬೈಲಿನಲ್ಲಿ ಜೋರಾಗಿ ಹಾಕಿದ ಗೀತೆ, “ಬಂದ್ರೆ ನಿಮ್ಮ ಸಾಲ ತೀರುತ್ತೆ” ಎಂಬ ಭರವಸೆ. ಜನ ಬಹಳಮಟ್ಟಿಗೆ ನಗುವುದು ಈ ಎರಡನೆಯದಕ್ಕೆ, ನಗುವುದು ನ್ಯಾಯವೂ ಹೌದು. ಅಂಜಿಕೆ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ. ಗಂಟು ಬಿಚ್ಚಿ, ಎರಡನೆಯದನ್ನು ಕೈಯಾರೆ ಎತ್ತಿ ಹೊರಗಿಟ್ಟರೆ, ಮೊದಲನೆಯದಕ್ಕೆ ಬರುವ ನಗು ಹೊರಲಾರದಷ್ಟು ಭಾರವೇನಲ್ಲ.

ಅಂಜಿಕೆ ಇರುವುದೇ ಅವಿಶ್ವಾಸದ ಗುರುತು ಎಂದು ಕೆಲವು ಸಭೆಗಳಲ್ಲಿ ಹೇಳಿಬಿಡುತ್ತಾರೆ. ಹಾಗಿಲ್ಲ. ಕೊರಿಂಥಕ್ಕೆ ಬಂದಾಗ ಭಯವೂ ನಡುಕವೂ ಇತ್ತೆಂದು ಪೌಲನೇ ಬರೆದಿದ್ದಾನೆ (1 ಕೊರಿಂಥ 2:3). “ನಿನಗೆ ಹುಚ್ಚು ಹಿಡಿದಿದೆ” ಎಂದು ರೋಮನ್ ಅಧಿಪತಿ ಫೆಸ್ತ ತುಂಬಿದ ಸಭೆಯಲ್ಲಿ ಕೂಗಿದಾಗ ಅವನು ತಿರುಗಿ ಕೂಗಲಿಲ್ಲ, ಪದವಿಗೆ ತಕ್ಕ ಗೌರವ ಕೊಟ್ಟೇ ಉತ್ತರ ಹೇಳಿದ. ಅಥೇನೆಯಲ್ಲಿ ಕೆಲವರು ಗೇಲಿ ಮಾಡಿದರು, ಕೆಲವರು “ಇನ್ನೊಮ್ಮೆ ಕೇಳೋಣ” ಎಂದರು, ಕೆಲವರು ನಂಬಿದರು. ಇವತ್ತಿಗೂ ಈ ಮೂರೇ. ಗೇಲಿ ಬಂತೆಂದರೆ ಕೆಲಸ ಕೆಟ್ಟಿತು ಎಂದು ಲೆಕ್ಕ ಹಾಕಬೇಡಿ.

ಇನ್ನೊಂದು ಲೆಕ್ಕವೂ ತಪ್ಪಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರ ತರುವ ಟೀ ಶರ್ಟ್ ಹಾಕಿಸಿ ಇತರರಿದ್ದ ಕೋಣೆಗೆ ಕಳಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಗಮನಿಸಿರಬೇಕು ಎಂದು ಹಾಕಿಕೊಂಡವರು ಎಣಿಸಿದರು. ನಿಜವಾಗಿ ಗಮನಿಸಿದವರು ಕಾಲುಭಾಗದಷ್ಟು. ನಿಮ್ಮ ತೊದಲು ರಾತ್ರಿಯಿಡೀ ನಿಮ್ಮ ತಲೆಯಲ್ಲಿ ಸುತ್ತುತ್ತಿರುತ್ತದೆ, ಕೇಳಿದವರು ಅಷ್ಟರಲ್ಲಿ ಬೋರಿವಲಿ ಲೋಕಲ್‌ನಲ್ಲಿ ಸೀಟು ಹುಡುಕುತ್ತಿರುತ್ತಾರೆ.

ಸಭೆಯ ಕನ್ನಡ, ಚಾಳಿನ ಕನ್ನಡ

ಅತಿ ಹೆಚ್ಚು ನಗೆಪಾಟಲು ಆಗುವುದು ಇಲ್ಲಿ. ಹೊರಗಿನವರ ಕಿವಿಯಲ್ಲಿ ನಮ್ಮ ಶಬ್ದಗಳಿಗೆ ಬೇರೆಯೇ ಅರ್ಥವಿದೆ, ಅದು ನಮಗೆ ಮರೆತೇಹೋಗಿದೆ.

‘ಪಾಪ’ ತೆಗೆದುಕೊಳ್ಳಿ. ಮನೆಮಾತಿನಲ್ಲಿ ಅದು “ಅಯ್ಯೋ ಪಾಪ”. “ನೀವು ಪಾಪಿ” ಎಂದರೆ ಬೈಗುಳ. ಅದರ ಬದಲು “ಮಾಡಬಾರದು ಅಂತ ಗೊತ್ತಿದ್ದೂ ಮಾಡ್ತಿದ್ದೆ, ಬಿಡೋಕಾಗ್ತಿರಲಿಲ್ಲ” ಎನ್ನಿ. ಮೊದಲು ಎಣಿಸಬೇಕಾದ್ದು ನಿಮ್ಮ ತಪ್ಪನ್ನು, ಅವರದನ್ನಲ್ಲ. ‘ಬಿಡುಗಡೆ’ ಎಂದರೆ ಜೈಲು ಇಲ್ಲವೇ ಸಿನಿಮಾ. ‘ರಕ್ಷಣೆ’ ಎಂದರೆ ಪೊಲೀಸು, ಸೈನ್ಯ. ‘ಶೋಧನೆ’ ಎಂದರೆ ಹುಡುಕಾಟ, ನಮ್ಮಲ್ಲಿ ಅದು ಆಸೆಗೆ ಬೀಳಿಸುವ ಪರೀಕ್ಷೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ‘ಅಭಿಷೇಕ ಆಯ್ತು’ ಅಂದರೆ ಹಾಲು, ತುಪ್ಪ ಕಣ್ಣಿಗೆ ಬರುತ್ತದೆ. ‘ಸಾಕ್ಷಿ ಹೇಳ್ತೀನಿ’ ಅಂದರೆ “ಯಾವ ಕೇಸು?” ಎಂದು ಕೇಳಿಯಾರು. ‘ಕುರಿಮರಿಯ ರಕ್ತ’ ಅಂತೂ ಯಲ್ಲಮ್ಮನ, ಮಾರಮ್ಮನ ಜಾತ್ರೆ ನೋಡಿ ಬೆಳೆದವರಿಗೆ ನೇರವಾಗಿ ಬಲಿ. ಆ ಹೋಲಿಕೆಯಲ್ಲಿ ಹುರುಳಿದೆ, ಆದರೆ ಅದನ್ನು ವಿವರಿಸಲು ಅರ್ಧ ಗಂಟೆ ಬೇಕು, ಕಟಿಂಗ್ ಚಹಾ ಐದು ನಿಮಿಷದಲ್ಲಿ ಮುಗಿಯುತ್ತದೆ.

ಹೀಗೆ ಮಾಡಿ: ಒಂದು ಹಾಳೆಯಲ್ಲಿ ನೀವು ಪ್ರಾರ್ಥನೆಯಲ್ಲಿ ಬಳಸುವ 15 ಶಬ್ದ ಬರೆಯಿರಿ. ಪ್ರತಿಯೊಂದರ ಎದುರು, ಊರಲ್ಲಿರುವ ಅಜ್ಜಿಗೆ ಫೋನಿನಲ್ಲಿ ಹೇಳುವ ಹಾಗೆ ಒಂದು ಸಾಲು. ಯಾವ ಶಬ್ದಕ್ಕೆ ಸಾಲು ಬರುವುದಿಲ್ಲವೋ ಅದು ನಿಮಗೇ ಅರ್ಥವಾಗಿಲ್ಲ, ಆ ವಾರ ಸಭಾಪಾಲಕರನ್ನು ಕೇಳಿ. ‘ಕೃಪೆ’, ‘ಪ್ರಾರ್ಥನೆ’, ‘ಕ್ಷಮೆ’, ‘ನೆಮ್ಮದಿ’ ಎಲ್ಲರಿಗೂ ತಿಳಿಯುವ ಮಾತುಗಳು, ಹಾಗೇ ಬಿಡಿ.

ಹಿಂದಿ, ಮರಾಠಿಯಲ್ಲಿ ಹೇಳಬೇಕಾಗಿ ಬಂದರೆ ಹೆಸರಲ್ಲೇ ತಡಬಡಾಯಿಸುವವರಿದ್ದಾರೆ. ಮರಾಠಿಯಲ್ಲಿ ‘ಯೇಶೂ ಖ್ರಿಸ್ತ’, ಹಿಂದಿಯಲ್ಲಿ ‘ಯೀಶು ಮಸೀಹ’, ಕೊಂಕಣಿಯಲ್ಲಿ ‘ಜೆಜು’. ಮೂರು ಭಾಷೆಯಲ್ಲೂ ಎರಡೆರಡು ಸಾಲು ಮೊದಲೇ ಕೂಡಿಸಿಟ್ಟುಕೊಳ್ಳಿ. ಈ ನೆಲದಲ್ಲಿ ಕೇಳುಗರ ಧಾಟಿ ಹಿಡಿದವರ ಮಾತೇ ನಿಂತಿದೆ: 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕ್ರಿಸ್ತನ ಕಥೆಯನ್ನು ಮರಾಠಿ ಓವಿಗಳಲ್ಲಿ (ಹಾಡುವ ಪದ್ಯಗಳಲ್ಲಿ) ಕಟ್ಟಿ 1616ರಲ್ಲಿ ಅಚ್ಚು ಹಾಕಿಸಿದರು. 1895ರಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ಪಡೆದ ಮರಾಠಿ ಕವಿ ನಾರಾಯಣ ವಾಮನ ಟಿಳಕರು ಯೇಸುವನ್ನು ಅಭಂಗದಲ್ಲಿ ಹಾಡಿದರು.

ಒಂದೂವರೆ ನಿಮಿಷದ ಮಾತು

ಯೋಹಾನ 9ರ ಕುರುಡನಿಗೆ ದೇವಶಾಸ್ತ್ರ ಬರುತ್ತಿರಲಿಲ್ಲ. ವಿಚಾರಣೆ ಮಾಡಿದವರಿಗೆ ಅವನು ಕೊಟ್ಟ ಉತ್ತರದ ತಿರುಳಿಷ್ಟೆ: ಅದೆಲ್ಲ ನನಗೆ ಗೊತ್ತಿಲ್ಲ, ಒಂದು ಗೊತ್ತು, ಕಣ್ಣು ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ. ಇದೇ ಅಳತೆ.

ಮೂರು ತುಂಡು ಮಾಡಿ ಬರೆಯಿರಿ: ಮೊದಲು ಹೇಗಿತ್ತು (ನಾಲ್ಕು ಸಾಲು), ಏನಾಯ್ತು (ಐದು ಸಾಲು), ಈಗ ಹೇಗಿದೆ (ಮೂರು ಸಾಲು). ಹುಟ್ಟು ಕ್ರೈಸ್ತರಿಗೆ ‘ಮೊದಲು’ ಎಂಬುದೇ ಇರುವುದಿಲ್ಲ, ಅದಕ್ಕೆಂದು ಕುಡಿತದ ಕಥೆ ಹೊಲಿಯುವುದು ಬೇಡ. “ಚಿಕ್ಕಂದಿನಿಂದ ಹೋಗ್ತಿದ್ದೆ, ಈ ಊರಿಗೆ ಬಂದು ಒಬ್ಬನೇ ಇದ್ದಾಗ ಅದು ನನ್ನದಾಯ್ತು” ಎಂದರೆ ಸಾಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎರಡು ನಿಮಿಷ ದಾಟಿದರೆ ಕತ್ತರಿಸಿ, ಮೇಲಿನ 15 ಶಬ್ದಗಳಲ್ಲಿ ಯಾವುದು ಬಂದರೂ ತೆಗೆಯಿರಿ, ಎದುರಿನವರಿಗೆ “ನೀವೂ ಹೀಗೆ ಮಾಡಬೇಕು” ಎನ್ನುವ ಸಾಲಿದ್ದರೆ ಅದನ್ನೂ. ‘ಈಗ ಹೇಗಿದೆ’ಯಲ್ಲಿ ಇನ್ನೂ ಸರಿಹೋಗದ ಒಂದು ಸಂಗತಿ ಇರಲಿ: ಸಿಟ್ಟು ಹೋಗಿಲ್ಲ, ಕೆಲಸ ಸಿಕ್ಕಿಲ್ಲ. ಎಲ್ಲವೂ ಸರಿಹೋಯ್ತು ಎನ್ನುವ ಮಾತು ಜಾಹೀರಾತಿನಂತೆ ಕೇಳಿಸುತ್ತದೆ. ಬರೆದದ್ದನ್ನು ಐದು ಸಲ ಹೇಳಿ ನೋಡಿ, ಆಮೇಲೆ ಹಾಳೆ ಹರಿದುಹಾಕಿ. ಬಾಯಿಪಾಠ ಆಯಿತೋ, ಕಣ್ಣು ಮೇಲಕ್ಕೆ ಹೋಗಿ ಶಾಲೆಯ ಪದ್ಯ ಒಪ್ಪಿಸಿದ ಹಾಗೆ ಆಗುತ್ತದೆ.

ಎಂಟು ವಾರದ ಮೆಟ್ಟಿಲು

ತಪ್ಪಿಸಿಕೊಂಡಷ್ಟೂ ಅಂಜಿಕೆ ಬೆಳೆಯುತ್ತದೆ, ಏಕೆಂದರೆ ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ಮುಂದಿನ ಸಲಕ್ಕೂ ಅದೇ ದಾರಿ ತೋರಿಸುತ್ತದೆ. ಸಣ್ಣದರಿಂದ ಶುರುಮಾಡಿ, ಪ್ರತಿಸಲ ಮೊದಲು ಮತ್ತು ನಂತರ ಅಂಜಿಕೆಗೆ 10ಕ್ಕೆ ಎಷ್ಟು ಎಂದು ಫೋನಿನಲ್ಲಿ ಬರೆದಿಡಿ. ಅಂಕ 4ಕ್ಕೆ ಇಳಿದರೆ ಮುಂದಿನ ಮೆಟ್ಟಿಲು. 7ರ ಮೇಲೇ ಇದ್ದರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ವಾರ.

1 ಮತ್ತು 2ನೇ ವಾರ: “ಎಲ್ಲಿಗೆ ಹೋಗಿದ್ರಿ?”ಗೆ “ಚರ್ಚಿಗೆ” ಎನ್ನುವುದು. ಮುಂದೆ ಒಂದು ಶಬ್ದವೂ ಬೇಡ. ವಾರಕ್ಕೆ ಮೂರು ಸಲವಾದರೂ.

3ನೇ ವಾರ: ಕ್ಯಾಂಟೀನಿನಲ್ಲಿ ಊಟಕ್ಕೆ ಮೊದಲು ಹತ್ತು ಸೆಕೆಂಡು ತಲೆ ತಗ್ಗಿಸಿ ಪ್ರಾರ್ಥನೆ. ಮನೆಯಲ್ಲಿ ಹೇಗೋ ಹಾಗೆ, ತೋರಿಕೆಗೆ ಉದ್ದ ಮಾಡದೆ.

4ನೇ ವಾರ: ಕೇಳುವ ವಾರ. “ನಿಮ್ಮ ಮನೆದೇವರು ಯಾವುದು?” ಕನ್ನಡಿಗರ ನಡುವೆ ಇದಕ್ಕಿಂತ ಸಲೀಸಾದ ಪ್ರಶ್ನೆ ಇಲ್ಲ. ಉಡುಪಿ ಕಡೆಯವರಾದರೆ ದೈವ, ನಾಗಬನದ ಮಾತು ಬರುತ್ತದೆ, ಬೆಳಗಾವಿ ಕಡೆಯವರಾದರೆ ಸವದತ್ತಿ, ಮೈಲಾರ. ಐದು ನಿಮಿಷ ನಡುವೆ ಬಾಯಿ ಹಾಕದೆ ಕೇಳಿ. ಇದು ಕೊಕ್ಕೆಯಲ್ಲ. ಕೊಕ್ಕೆ ಮಾಡಿಕೊಂಡರೆ ಅವರಿಗೆ ಕೂಡಲೇ ವಾಸನೆ ಬರುತ್ತದೆ.

5ನೇ ವಾರ: ಕಷ್ಟದಲ್ಲಿರುವ ಒಬ್ಬರಿಗೆ “ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡಲಾ?” ಹೆಸರು ಹೇಳಿ ಅರ್ಚನೆ ಮಾಡಿಸಿ ರೂಢಿಯಿರುವವರಿಗೆ ಇದು ತಟ್ಟನೆ ತಿಳಿಯುತ್ತದೆ. ಮಾಡುತ್ತೇನೆಂದರೆ ಮಾಡಿ, ನಾಲ್ಕನೇ ದಿನ “ಹೇಗಿದೆ ಈಗ?” ಎಂದು ಕೇಳಿ. ಕೇಳದಿದ್ದರೆ ಮೊದಲಿನದು ಬರೀ ಬಾಯಿಮಾತು.

6, 7ನೇ ವಾರ: ಒಂದೂವರೆ ನಿಮಿಷದ ಮಾತು, ಒಬ್ಬರಿಗೆ, ಒಪ್ಪಿಗೆ ಕೇಳಿಕೊಂಡು. “ನಾನು ಯಾಕೆ ಚರ್ಚಿಗೆ ಹೋಗ್ತೀನಿ ಅಂತ ಯಾವಾಗಾದ್ರೂ ಹೇಳಲಾ?” “ಬೇಡ” ಅಂದರೆ “ಆಯ್ತು” ಎಂದು ಚಹಾ ಕುಡಿಯಿರಿ, ಆ ವಾರದ ಲೆಕ್ಕಕ್ಕೆ ಅದೂ ಸೇರುತ್ತದೆ.

8ನೇ ವಾರ: ಮನೆಯವರು. ಭಾವ, ಚಿಕ್ಕಪ್ಪ, ಊರಿನ ಅಕ್ಕ. ಅಪರಿಚಿತರ ಮುಂದೆ ಮಾತು ಬರುವವರಿಗೂ ಇವರ ಮುಂದೆ ಬರುವುದಿಲ್ಲ, ಏಕೆಂದರೆ ಇವರಿಗೆ ನಿಮ್ಮ ಹಳೆಯದೆಲ್ಲ ಗೊತ್ತು. ಮದುವೆ ಮಂಟಪದಲ್ಲಿ, ತಿಥಿಯೂಟದಲ್ಲಿ ಬೇಡ. ಒಬ್ಬರೇ ಸಿಕ್ಕಾಗ. ಇದಕ್ಕೆ ಎಂಟು ವಾರ ಸಾಲದೆ ಎಂಟು ತಿಂಗಳು ಹಿಡಿದರೂ ಸರಿ.

ಜಾಗದ ಬಗ್ಗೆ ಒಂದು ಮಾತು. ಲೋಕಲ್ ರೈಲು ಬೇಡ: ಕೇಳುವವರು ಎದ್ದು ಹೋಗಲಾರರು, ಸುತ್ತ ಇಪ್ಪತ್ತು ಕಿವಿ. ಸ್ಟೇಷನ್ನಿಂದ ಆಫೀಸಿಗೆ ನಡೆಯುವ ಹತ್ತು ನಿಮಿಷ ಒಳ್ಳೆಯದು, ಪುಣೆಯವರಿಗೆ ಬೆಳಗಿನ ಟೇಕಡಿ (ಗುಡ್ಡ) ನಡಿಗೆ. ಅಕ್ಕಪಕ್ಕ ನಡೆಯುವಾಗ ಮುಖ ನೋಡುವ ಕಷ್ಟವಿಲ್ಲ, ಗೇಟು ಬಂದಾಗ ಮಾತು ತಾನೇ ಮುಗಿಯುತ್ತದೆ. ಬಾಂದ್ರಾ ಜಾತ್ರೆ, ಮಾಹಿಮ್ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆ, ಗೋವಾದಲ್ಲಿ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ ಇವಕ್ಕೆಲ್ಲ ಹಿಂದೂ ಸ್ನೇಹಿತರೂ ಹೋಗಿಬರುತ್ತಾರೆ, ಅವರೇ ಏನಾದರೂ ಕೇಳುತ್ತಾರೆ. ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿ) ಹಂಚುವಾಗ “ಗೋದಲಿ ಯಾಕೆ ಇಡ್ತೀರಿ?” ಎಂದು ಪಕ್ಕದ ಮನೆಯ ಮಗು ಕೇಳಿದರೆ ಅಪ್ಪ ಅಮ್ಮನ ಎದುರಿಗೇ ಉತ್ತರ ಹೇಳಿ.

ಮೈ ಸಹಕರಿಸದಾಗ

ಬಾಯಿ ಒಣಗುವುದು, ಕಿವಿ ಬಿಸಿಯಾಗುವುದು, ದನಿ ನಡುಗುವುದು ಸಹಜ. ನಾಲ್ಕು ಎಣಿಸುತ್ತ ಉಸಿರು ತೆಗೆದು ಆರು ಎಣಿಸುತ್ತ ಬಿಡಿ, ಐದು ಸಲ. ಹೊರಹೋಗುವ ಉಸಿರು ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಮೊದಲ ವಾಕ್ಯವನ್ನು ಬೇಕೆಂದೇ ನಿಧಾನ ಹೇಳಿ, ಅವಸರ ಅಲ್ಲೇ ಹುಟ್ಟುವುದು. ಆದರೂ ದನಿ ನಡುಗಿದರೆ “ಇದನ್ನ ಹೇಳೋಕೆ ನನಗೆ ಸ್ವಲ್ಪ ಮುಜುಗರ” ಎಂದುಬಿಡಿ. ಮುಚ್ಚಿಟ್ಟ ಮುಜುಗರವೇ ವಿಚಿತ್ರವಾಗಿ ಕಾಣುವುದು.

ಬಂದೇ ಬರುವ ಪ್ರಶ್ನೆಗಳು

“ಎಷ್ಟ ರೊಕ್ಕ ಕೊಟ್ರೋ ನಿನಗ?” ಕಲಬುರಗಿ, ವಿಜಯಪುರ ಕಡೆಯ ಹಿರಿಯರು ಪುಣೆ, ಗೋವಾದ ಕೆಲಸದ ಜಾಗಗಳಲ್ಲಿ ಮೊದಲು ಎಸೆಯುವ ಕಲ್ಲು ಇದು. ಸಿಟ್ಟಾದರೆ ಸೋತಿರಿ. “ಯಾರೂ ಕೊಟ್ಟಿಲ್ಲ ಕಾಕಾ, ವಾರಾ ವಾರಾ ಕಾಣಿಕಿ ನಾನ ಹಾಕಿ ಬರ್ತೀನಿ” ಎಂದು ನಕ್ಕು ಹೇಳಿದರೆ ಅವರೂ ನಗುತ್ತಾರೆ. ನಿಜವಿದ್ದರೆ ಮಾತ್ರ ಹೇಳಿ.

“ಎಲ್ಲ ದೇವ್ರೂ ಒಂದೇ ಅಲ್ವಾ ಮಾರಾಯ್ರೆ?” ಕರಾವಳಿಯವರ ಬಾಯಲ್ಲಿ ಇದು ಬಹಳ ಸಲ ಪ್ರಶ್ನೆಯೇ ಅಲ್ಲ, ಜಗಳವಾಗದಂತೆ ಮಾತು ಮುಗಿಸುವ ಮರ್ಯಾದೆ. ಅದಕ್ಕೆ ವಾದ ಹೂಡುವುದು ಒರಟುತನ. “ದೇವರು ಒಬ್ಬನೇ ಅಂತ ನಾನೂ ನಂಬ್ತೇನೆ. ಅವನು ಎಂಥವನು ಅಂತ ನನಗೆ ತಿಳಿದದ್ದು ಯೇಸುವನ್ನು ನೋಡಿ” ಎಂದು ನಿಲ್ಲಿಸಿ. ಅವರಿಗೆ ಮುಂದುವರಿಸಬೇಕಿದ್ದರೆ ಮುಂದುವರಿಸುತ್ತಾರೆ.

“ಪರದೇಶದವರ ಧರ್ಮ.” ಗೋವಾದಲ್ಲಿ ಇದಕ್ಕೆ ಗಾಯದ ಆಳವಿದೆ. ಧರ್ಮ ತಪ್ಪಿದರೆಂದು ಜನರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯ, 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ನಡುವೆ ಕೆಲವು ವರ್ಷ ನಿಂತರೂ, ಕೊನೆಗೆ ರದ್ದಾದದ್ದು 1812ರಲ್ಲಿ. ಅದನ್ನು ಸಮರ್ಥಿಸಲು ಹೋಗಬೇಡಿ. “ಅದು ತಪ್ಪು, ಯೇಸುವಿನ ಹೆಸರಲ್ಲಿ ಆಗಬಾರದಿತ್ತು” ಎಂದು ಮೊದಲು ಹೇಳಿ, ಆಮೇಲೆ ಬೇಕಿದ್ದರೆ ಪೋರ್ಚುಗೀಸರ ಹಡಗು ಬರುವ ನೂರಾರು ವರ್ಷ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದ ಸಂಗತಿ ಹೇಳಿ. ಕ್ರಮ ತಿರುವುಮುರುವಾದರೆ ಜಾರಿಕೊಂಡ ಹಾಗೆ ಕೇಳಿಸುತ್ತದೆ.

“ನಿಮ್ಮಲ್ಲಿ ಜಾತಿ ಇಲ್ವಾ?” ಇದೆ. ಇದೆ ಎನ್ನಿ.

ತ್ರಿತ್ವದಂಥ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು) ಗಟ್ಟಿ ಪ್ರಶ್ನೆಗೆ “ಚೆನ್ನಾಗಿ ಹೇಳೋಕೆ ಗೊತ್ತಿಲ್ಲ, ತಿಳ್ಕೊಂಡು ಬರ್ತೀನಿ.” ಏಳು ದಿನದೊಳಗೆ ಹೋಗಿ ಹೇಳಿ. ಗೊತ್ತಿಲ್ಲ ಎಂದವರನ್ನು ಯಾರೂ ಪೆದ್ದ ಎನ್ನುವುದಿಲ್ಲ, ಗೊತ್ತಿಲ್ಲದೆ ಹತ್ತು ನಿಮಿಷ ಮಾತಾಡಿದವರನ್ನು ಎನ್ನುತ್ತಾರೆ.

ಗಣೇಶ ಚತುರ್ಥಿಯ ಪ್ರಸಾದ ಪ್ರಶ್ನೆಯಲ್ಲ, ತಟ್ಟೆಯಲ್ಲೇ ಬರುತ್ತದೆ. ತೆಗೆದುಕೊಳ್ಳುವ ಕ್ರೈಸ್ತರೂ ಇದ್ದಾರೆ, ಕೊಳ್ಳದವರೂ ಇದ್ದಾರೆ. 1 ಕೊರಿಂಥದ 8 ಮತ್ತು 10ನೇ ಅಧ್ಯಾಯ ಓದಿ ಹಬ್ಬಕ್ಕೆ ಮೊದಲೇ ತೀರ್ಮಾನಿಸಿ. ತಟ್ಟೆ ಮುಂದೆ ಬಂದ ಮೇಲೆ ಯೋಚಿಸಿದರೆ ಮುಖ ಕೆಡುತ್ತದೆ. ಬೇಡವಾದರೆ “ತಪ್ಪು ತಿಳೀಬೇಡಿ ಅಕ್ಕ, ನಾನು ತಗೊಳ್ಳಲ್ಲ” ಎಂದು ಕೈಮುಗಿದು ಹೇಳಿ, ಅಲ್ಲೇ ಕೂತು ಸ್ವಲ್ಪ ಹೊತ್ತು ಮಾತಾಡಿ.

ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಯೊಳಗೆ. ಇನ್ನೊಬ್ಬರನ್ನು ಮತಾಂತರಿಸುವುದು ಅದರೊಳಗಿನ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಧಾರ್ಮಿಕ ಭಾವನೆಯನ್ನು ಬೇಕೆಂದೇ ನೋಯಿಸುವುದು ಭಾರತೀಯ ನ್ಯಾಯ ಸಂಹಿತೆಯ 299 ಮತ್ತು 302ನೇ ಕಲಮುಗಳಡಿ ಅಪರಾಧ. ರಾಜ್ಯದ ಕಾನೂನುಗಳು ಬೇರೆಬೇರೆ, ಬದಲಾಗುತ್ತಲೂ ಇರುತ್ತವೆ. ಮನೆಯಲ್ಲಿ ಕೂಟ ಇಡುವ ಮೊದಲು ವಕೀಲರೊಬ್ಬರನ್ನು ಕೇಳಿ.

ಕಾನೂನು ಬಿಟ್ಟರೂ ಕೆಲವು ಗೆರೆ ದಾಟಬಾರದು. ನಿಮ್ಮ ಕೈಕೆಳಗೆ ಕೆಲಸ ಮಾಡುವವರು, ಮನೆಗೆಲಸದಾಕೆ, ನಿಮ್ಮ ಬಾಡಿಗೆದಾರರು, ಹಾಸಿಗೆಯಲ್ಲಿರುವ ರೋಗಿ, ಪಕ್ಕದ ಮನೆಯ ಮಕ್ಕಳು: ಇವರಿಗೆ “ಬೇಡ” ಎನ್ನುವ ಸ್ವಾತಂತ್ರ್ಯ ಪೂರ್ತಿ ಇರುವುದಿಲ್ಲ. ಅವರಾಗಿ ಕೇಳಿದರೆ ಚುಟುಕು ಉತ್ತರ, ಅಷ್ಟೇ. ರೇಷನ್ನು, ಫೀಸು ಕೊಡುವ ದಿನ ನಂಬಿಕೆಯ ಮಾತು ಬೇಡ. ವಾಸಿಯಾಗುತ್ತದೆಂದು ಭರವಸೆ ಕೊಡಬೇಡಿ, ಔಷಧಿ ನಿಲ್ಲಿಸಲು ಯಾವತ್ತೂ ಹೇಳಬೇಡಿ. ಮಹಾರಾಷ್ಟ್ರದಲ್ಲಿ ಪವಾಡದ ಹೆಸರಿನ ವಂಚನೆಗೆ 2013ರ ಕಾಯ್ದೆಯೇ ಇದೆ. ಇನ್ನೊಬ್ಬರ ದೇವರನ್ನು ಹೀಯಾಳಿಸಿ ಯೇಸುವನ್ನು ಎತ್ತುವವರಂತೂ 1 ಪೇತ್ರ 3:15ನ್ನು ಅರ್ಧವೇ ಓದಿದವರು. ಉತ್ತರ ಹೇಳಲು ಸಿದ್ಧರಾಗಿರಿ ಎಂಬ ಮಾತಿಗೆ ಅಂಟಿಕೊಂಡೇ ಸಾತ್ವಿಕತೆಯ, ಗೌರವದ ಷರತ್ತೂ ಇದೆ.

ನಕ್ಕ ಮೇಲೆ

ಇಷ್ಟೆಲ್ಲ ಮಾಡಿದರೂ ಒಂದು ದಿನ ಯಾರೋ “ಏನೋ, ಪಾಸ್ಟರ್ ಆಗ್ಬಿಟ್ಯಾ?” ಎನ್ನುತ್ತಾರೆ, ಟೇಬಲ್ ಪೂರ್ತಿ ನಗುತ್ತದೆ. ವಿವರಣೆಗೆ ಇಳಿಯಬೇಡಿ, ವಿವರಣೆ ನಗುವನ್ನು ಎಳೆಯುತ್ತದೆ. “ಸಂಬಳ ಕಮ್ಮಿ ಮಾರಾಯ, ಸದ್ಯಕ್ಕೆ ಇಲ್ಲೇ ಇರ್ತೀನಿ” ಎಂದು ಡಬ್ಬಾದ ಪಲ್ಯ ಅವನ ಕಡೆ ತಳ್ಳಿ. ಮಾರನೇ ದಿನ ಅದೇ ಟೇಬಲ್ಲಿಗೇ ಹೋಗಿ ಕೂರಿ, ಎರಡು ದಿನ ತಪ್ಪಿಸಿದರೆ ಮೂರನೇ ದಿನ ಹೋಗಲು ಕಾಲು ಬರುವುದಿಲ್ಲ. ಅಡ್ಡಹೆಸರು ಉಳಿದುಕೊಳ್ಳಬಹುದು, ಉಳಿಯಲಿ.

ತಿಂಗಳುಗಳ ಮೇಲೆ, ನಕ್ಕವರೇ ಒಬ್ಬರು ಲಿಫ್ಟಿನ ಬಳಿ ನಿಲ್ಲಿಸಿ ತಗ್ಗಿದ ದನಿಯಲ್ಲಿ “ಪಾಸ್ಟರ್, ಅಮ್ಮಂಗೆ ಆಪರೇಷನ್ ಇದೆ, ಸ್ವಲ್ಪ...” ಎಂದರೆ ಅಲ್ಲಿ ಒಂದೂವರೆ ನಿಮಿಷದ ಮಾತು ತೆಗೆಯಬೇಡಿ. ಅಮ್ಮನ ಹೆಸರು, ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಎಂದು ಕೇಳಿ ಫೋನಿನಲ್ಲಿ ಬರೆದುಕೊಳ್ಳಿ. ರಕ್ತ ಬೇಕಾದೀತೇ ಎಂದೂ ಕೇಳಿ.